ಹದಿನೆಂಟು ಮೂಟೆ ಮತ್ತು ನನ್ನ ಕೆಂಪು ಶಾಯಿ

ಎಂ.ಎಸ್ಸಿ. ಮುಗಿಸಿ ಬಂದವನ ಕೈಗೆ ಒಂದು ಬಿಳಿ ಕೋಟು ಕೊಟ್ಟರೆ ಏನೇನು ಅನಾಹುತ ಆಗಬಹುದೋ ಅಷ್ಟನ್ನೂ ನಾನು ಮೂರೇ ತಿಂಗಳಲ್ಲಿ ಮಾಡಿ ತೋರಿಸಿದ್ದೇನೆ. ತೊಂಬತ್ತರ ದಶಕದ ಕೊನೆಯ ಮಾತು. ಆನೇಮಹಲ್ ಹತ್ತಿರ, ಹೆದ್ದಾರಿ ಪಕ್ಕದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ ನನಗೆ ಕೆಮಿಸ್ಟ್ ಕೆಲಸ ಸಿಕ್ಕಿತ್ತು. ಬೆಳೆಗಾರರು ತರುವ ಒಣ ಕಾಫಿಯ ಸಿಪ್ಪೆ ತೆಗೆದು, ಬೀಜ ವಿಂಗಡಿಸಿ ಕಳಿಸುವ ಕಾರ್ಖಾನೆ ಅದು. ಬಂದ ಕಾಫಿಯಲ್ಲಿ ತೇವ ಎಷ್ಟಿದೆ ಎಂದು ನೋಡಿ, ಒಣಗಿದ್ದರೆ ‘ಪಾಸ್’, ಇಲ್ಲದಿದ್ದರೆ ‘ವಾಪಸ್’ ಎಂದು ರಿಜಿಸ್ಟರಿನಲ್ಲಿ ಬರೆಯುವುದು ನನ್ನ ಕೆಲಸ. ಕೋಟು ಮೊಣಕಾಲು ದಾಟಿ ಇಳಿಯುತ್ತಿತ್ತು. ಹಿಂದಿನಿಂದ ನೋಡಿದವರು ನನ್ನನ್ನು ಕಾಂಪೌಂಡರ್ ಅಂದುಕೊಳ್ಳುತ್ತಿದ್ದರು, ಮುಂದಿನಿಂದ ನೋಡಿದವರು ಪೇಶೆಂಟ್.

ನಾನು ಬರುವ ಮೊದಲು ಈ ಕೆಲಸ ಮಾಡುತ್ತಿದ್ದುದು ಸ್ಟೋರ್ ಮೇಸ್ತ್ರಿಯ ಹಲ್ಲು. ಅರವತ್ತರ ಆಸುಪಾಸಿನ ಅವರು ಮೂಟೆಗೆ ಕೈ ಹಾಕಿ, ಒಂದು ಕಾಯಿ ಸುಲಿದು, ಬೀಜವನ್ನು ದವಡೆಗೆ ಇಟ್ಟು ಕಚ್ಚುತ್ತಿದ್ದರು. ‘ಟಕ್’ ಅಂದರೆ ಒಣಗಿದೆ. ಸದ್ದಿಲ್ಲದೆ ಹಲ್ಲು ಇಳಿದರೆ ಇನ್ನೂ ಹಸಿ. ಇದನ್ನು ಕಂಡು ನನ್ನೊಳಗಿನ ವಿಜ್ಞಾನಿ ಎರಡು ದಿನ ಊಟ ಬಿಟ್ಟ. ಮೂರನೆಯ ದಿನ ನಾನೇ ದಪ್ಪ ಅಕ್ಷರದಲ್ಲಿ ಒಂದು ಬೋರ್ಡು ಬರೆದು ಸ್ಟೋರಿನ ಬಾಗಿಲಿಗೆ ನೇತುಹಾಕಿದೆ.

“ಏನ್ ಸ್ವಾಮಿ ಬರ್ದೈತೆ? ನಂಗೆ ಓದಕ್ಕೆ ಬರಕಿಲ್ಲ” ಅಂದರು ಮೇಸ್ತ್ರಿ.

“ಇಲ್ಲಿ ಕಚ್ಚಬಾರದು ಅಂತ.”

“ಯಾರಿಗೆ ಹಾಕಿದ್ದು, ನಾಯಿಗಾ?”

ಕಾಫಿ ಆರಿಸುತ್ತಿದ್ದ ಹೆಂಗಸರು ಆ ದಿನ ಸಂಜೆಯವರೆಗೂ ನಕ್ಕರು.

ನನ್ನ ಪ್ರೊಬೇಷನ್ ಮುಗಿಯಲು ಒಂದು ವಾರ ಇತ್ತು. ಆಗ ಜೂನ್ ತಿಂಗಳು. ಒಂದು ಶುಕ್ರವಾರ ಸಂಜೆ ಕುಂದೂರು ಕಡೆಯ ಸಣ್ಣ ಬೆಳೆಗಾರರೊಬ್ಬರು ಟೆಂಪೋದಲ್ಲಿ ಹದಿನೆಂಟು ಮೂಟೆ ಕಾಫಿ ತಂದರು. ಬೆಲೆ ಏರಲಿ ಎಂದು ಅಟ್ಟದ ಮೇಲೆ ಇಟ್ಟುಕೊಂಡು ಕಾದಿದ್ದ ಇಡೀ ವರ್ಷದ ಬೆಳೆ. ನಾನು ಸ್ಯಾಂಪಲ್ ತೆಗೆದುಕೊಂಡು, ನಾಳೆ ಬೆಳಿಗ್ಗೆ ಬನ್ನಿ ಎಂದು ಗತ್ತಿನಿಂದ ಹೇಳಿದೆ. ಟೆಂಪೋ ಶೆಡ್ಡಿನೊಳಗೆ ಟಾರ್ಪಾಲು ಹೊದ್ದು ನಿಂತಿತು. ಕಾಯಿ ಸುಲಿದು ಬೀಜವನ್ನು ಗಾಜಿನ ತಟ್ಟೆಗಳಲ್ಲಿ ತೆಳ್ಳಗೆ ಹರಡಿ, ಒಂದೊಂದಕ್ಕೂ ಚೀಟಿ ಅಂಟಿಸಿ, ಕಿಟಕಿಯ ಪಕ್ಕ ಸಾಲಾಗಿ ಜೋಡಿಸಿದೆ. ಲ್ಯಾಬು ಅಂದರೆ ಹೀಗಿರಬೇಕು ಎಂದು ಮ್ಯಾನೇಜರ್ ಒಮ್ಮೆ ಹೊಗಳಿದ್ದರು. ಅಂದಿನಿಂದ ನಾನು ಕೆಮಿಸ್ಟ್ ಕಡಿಮೆ, ಬಳೆ ಅಂಗಡಿಯವನು ಜಾಸ್ತಿ ಆಗಿದ್ದೆ.

ಬೆಳಿಗ್ಗೆ ತೇವ ಅಳೆಯುವ ಮೆಷಿನ್ನಿಗೆ ಹಾಕಿದರೆ ಮುಳ್ಳು ಶೇಕಡಾ ಹದಿನಾಲ್ಕಕ್ಕೆ ಹೋಗಿ ನಿಂತಿತು. ಇರಬೇಕಾದದ್ದು ಹನ್ನೊಂದು ಚಿಲ್ಲರೆ. ಕೆಂಪು ಶಾಯಿಯ ಪೆನ್ನು ತೆಗೆದು ‘ವಾಪಸ್’ ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದೆ. ಎರಡನೆಯ ಗೆರೆ ಬರೀ ಖುಷಿಗೆ.

ಬೆಳೆಗಾರರು ಕೌಂಟರಿನ ಮುಂದೆ ಕೊಡೆ ಮಡಿಸುತ್ತಾ ರಿಜಿಸ್ಟರಿಗೆ ಬಗ್ಗಿದರು. “ಏನ್ ಸ್ವಾಮಿ ಇದು? ಫೆಬ್ರವರಿ ಬಿಸ್ಲಲ್ಲಿ ಕಣದಲ್ಲಿ ಒಣಗ್ಸಿದ್ ಕಾಫಿ ಕಣ್ರೀ.”

“ಮೆಷಿನ್ ಸುಳ್ಳು ಹೇಳಲ್ಲ.”

“ಈ ಮಳೇಲಿ ವಾಪಸ್ ತಗಂಡೋಗಿ ಎಲ್ಲಿ ಹರಡ್ಲಿ? ನಿಮ್ ಕೋಟ್ ಮೇಲಾ? ಬೂಷ್ಟು ಹಿಡ್ದು ಹದಿನೆಂಟು ಮೂಟೆನೂ ಗೊಬ್ರ ಆಗೋಯ್ತವೆ. ವರ್ಷದ ದುಡಿಮೆ ಇದು ಮಾರಾಯ, ನಿಮ್ ಕಾಲೇಜಿನ್ ಪ್ರಾಕ್ಟಿಕಲ್ ಅಲ್ಲ!”

“ಮನೆಯಲ್ಲಿ ಓವನ್ ಇದ್ದರೆ ನೂರೈದು ಡಿಗ್ರಿಯಲ್ಲಿ ಇಡಬಹುದು” ಎಂದೆ. ಹೌದು, ನಿಜವಾಗಿಯೂ ಹಾಗೆಂದೆ.

ಗಲಾಟೆ ಕೇಳಿ ಮೇಸ್ತ್ರಿ ಬಂದರು. ನನ್ನ ಬೋರ್ಡಿನ ಕೆಳಗೇ ನಿಂತು ಮೂಟೆಯ ಬೀಜ ಒಂದನ್ನು ಕಚ್ಚಿದರು. ಟಕ್. ಆಮೇಲೆ ಲ್ಯಾಬಿನೊಳಗೆ ನುಗ್ಗಿ ನನ್ನ ಗಾಜಿನ ತಟ್ಟೆಯ ಬೀಜ ಒಂದನ್ನು ಕಚ್ಚಿದರು. ಸದ್ದೇ ಇಲ್ಲ.

“ಮೂಟೇಲಿರೋದು ಒಣಗೈತೆ. ನಿಮ್ ತಟ್ಟೇಲಿರೋದು ನೆಂದೈತೆ. ರಾತ್ರಿ ಎಲ್ಲಿಟ್ಟಿದ್ರಿ?”

“ಕಿಟಕಿ ಹತ್ರ.”

“ಕಿಟ್ಕಿ ತೆರ್ದಿತ್ತಾ?”

“ಗಾಳಿ ಬರಲಿ ಅಂತ…”

“ಗಾಳಿ ಬಂದೈತೆ, ಜತೆಗೆ ಮಂಜೂ ಕರ್ಕಂಡ್ ಬಂದೈತೆ. ಕರ್ದಿರೋ ಹಪ್ಪಳ ಮಳೆಗಾಲ್ದಲ್ಲಿ ಹೊರಗಿಟ್ರೆ ಏನಾಯ್ತದೆ ಅಂತ ನಿಮ್ಮವ್ವನ್ನ ಕೇಳಿ ಸ್ವಾಮಿ, ಹೇಳ್ತಾರೆ.”

ಗಾಳಿಯ ತೇವ ಹೀರುವ ವಸ್ತುಗಳ ಬಗ್ಗೆ ಪರೀಕ್ಷೆಯಲ್ಲಿ ನಾನು ನಾಲ್ಕು ಪುಟ ಬರೆದು ಒಳ್ಳೆಯ ಅಂಕ ತೆಗೆದಿದ್ದೆ. ಅದರಲ್ಲಿ ಹಪ್ಪಳ ಇರಲಿಲ್ಲ.

ತಪ್ಪು ಆ ಕ್ಷಣವೇ ಗೊತ್ತಾಯಿತು. ಆದರೆ ಒಪ್ಪಿಕೊಂಡರೆ ಮುಂದಿನ ವಾರದ ಕನ್ಫರ್ಮೇಷನ್ ಪತ್ರ? ಹೀಗಾಗಿ ನಾನು ಮಾಡಿದ ಬುದ್ಧಿವಂತಿಕೆ ಏನೆಂದರೆ, “ಒಬ್ಬರ ಹಲ್ಲು ನಂಬೋಕಾಗಲ್ಲ, ಕೊಡಿ ಇಲ್ಲಿ” ಎಂದು ಮೇಸ್ತ್ರಿಯ ಕೈಯಲ್ಲಿದ್ದ ಮೂಟೆಯ ಇನ್ನೊಂದು ಬೀಜವನ್ನು ಕಸಿದು, ದವಡೆಗಿಟ್ಟು ಇದ್ದ ಶಕ್ತಿಯೆಲ್ಲ ಹಾಕಿ ಕಚ್ಚಿದ್ದು. ಟಕ್ ಎಂದಿತು. ಉಗುಳಿ ನೋಡಿದರೆ ಬೀಜ ಇಡಿಯಾಗಿತ್ತು. ಪಕ್ಕದಲ್ಲಿ ನನ್ನ ಹಲ್ಲಿನ ಚೂರು ಬಿದ್ದಿತ್ತು.

ಬೆಳೆಗಾರರು ಬಗ್ಗಿ ಎರಡನ್ನೂ ನೋಡಿದರು. “ಈಗ್ಲೂ ಹಸೀನಾ ಸ್ವಾಮಿ?”

ಕೆನ್ನೆ ಹಿಡಿದುಕೊಂಡು ಮ್ಯಾನೇಜರ್ ರೂಮಿಗೆ ಹೋದೆ. ಅವರೆದುರೇ ಮೂಟೆಯಿಂದ ಹೊಸ ಸ್ಯಾಂಪಲ್ ತೆಗೆದು ಮೆಷಿನ್ನಿಗೆ ಹಾಕಿದಾಗ ಮುಳ್ಳು ಹನ್ನೊಂದರ ಹತ್ತಿರವೇ ತೆಪ್ಪಗೆ ನಿಂತಿತು. ‘ವಾಪಸ್’ ಹೊಡೆದುಹಾಕಿ ‘ಪಾಸ್’ ಎಂದು ಬರೆದೆ. ತಿದ್ದುಪಡಿಗೆ ಕಾರಣ ಎಂಬ ಜಾಗದಲ್ಲಿ ‘ವಾತಾವರಣದ ಅನಿಯಂತ್ರಿತ ಆರ್ದ್ರತೆ’ ಎಂದು ತುಂಬಿದೆ. ಬರೆಯುವಾಗ ನನಗೇ ಹೆಮ್ಮೆ ಅನ್ನಿಸಿತು.

ಮ್ಯಾನೇಜರ್ ಕನ್ನಡಕ ಇಳಿಸಿದರು. “ಕಿಟಕಿ ಯಾರ್ರೀ ತೆರೆದಿದ್ದು?”

“ನಾನೇ ಸಾರ್.”

“ಮತ್ತೆ ವಾತಾವರಣದ ಮೇಲೆ ಯಾಕ್ರೀ ಹಾಕ್ತೀರಿ? ಅದೇನು ನಮ್ಮಲ್ಲಿ ಕೆಲಸಕ್ಕಿದೆಯಾ?”

ಅದನ್ನೂ ಹೊಡೆದು, ‘ಕೆಮಿಸ್ಟ್ ಸ್ಯಾಂಪಲನ್ನು ತೆರೆದಿಟ್ಟಿದ್ದರಿಂದ’ ಎಂದು ಬರೆದು ಸಹಿ ಹಾಕಿದೆ. ಪ್ರೊಬೇಷನ್ ಇನ್ನೂ ಮೂರು ತಿಂಗಳು ಎಂದರು. ಹೊಡೆದು ಹೊಡೆದು ಆ ಪುಟ ಒಂದನೇ ಕ್ಲಾಸಿನ ಮಗ್ಗಿ ಪುಸ್ತಕದಂತಾಗಿತ್ತು.

ಹೊರಗೆ ಬಂದರೆ ಇನ್ನೊಂದು ತೊಂದರೆ. ಶನಿವಾರ ಅರ್ಧ ದಿನ. ನಮ್ಮ ಜಗಳ ಮುಗಿಯುವಷ್ಟರಲ್ಲಿ ಹಮಾಲರೆಲ್ಲ ಮನೆಗೆ ಹೋಗಿಬಿಟ್ಟಿದ್ದರು. ಬೆಳೆಗಾರರು, ಟೆಂಪೋ ಡ್ರೈವರು, ಮೇಸ್ತ್ರಿ, ಮೂವರೂ ನನ್ನ ಕಡೆ ನೋಡಿದರು.

“ಏನ್ ನಿಂತ್ರಿ? ಕೋಟ್ ಬಿಚ್ಚಿ, ಬೆನ್ನು ಕೊಡಿ” ಅಂದರು ಮೇಸ್ತ್ರಿ.

ಮೊದಲ ಮೂಟೆ ಬೆನ್ನಿಗೆ ಬಿದ್ದಾಗ ನನ್ನ ಎತ್ತರ ಅರ್ಧ ಅಡಿ ಕಡಿಮೆಯಾಯಿತು. ಇಂದಿಗೂ ಪೂರ್ತಿ ವಾಪಸ್ ಬಂದಿಲ್ಲ. ಎರಡನೆಯದನ್ನು ಹೊತ್ತು ಸ್ಟೋರಿನ ಬದಲು ಸೀದಾ ಟಾಯ್ಲೆಟ್ ಕಡೆ ಹೋಗುತ್ತಿದ್ದವನನ್ನು ಮೇಸ್ತ್ರಿ ಭುಜ ಹಿಡಿದು ತಿರುಗಿಸಿದರು. ಮೂರನೆಯದು ಹೇಗೆ ಒಳಗೆ ಹೋಯಿತೋ ನೆನಪಿಲ್ಲ. ನಾಲ್ಕನೆಯದಕ್ಕೆ ಬಾಗಿದಾಗ ಬೆಳೆಗಾರರೇ ಅಡ್ಡ ಬಂದರು.

“ಸಾಕು ಬುಡಿ ಸ್ವಾಮಿ. ನೀವು ಕೆಸರಲ್ಲಿ ಬಿದ್ರೆ ಒಣಗ್ಸಕ್ಕೆ ಬಿಸ್ಲು ಎಲ್ಲೈತೆ?”

ಆ ಮೂಟೆಯನ್ನು ಅವರೇ ಬೆನ್ನಿಗೆ ಹಾಕಿಕೊಂಡು ಸ್ಟೋರಿನೊಳಗೆ ಹೋದರು. ನಾನು ಅವರ ಕೊಡೆ ಹಿಡಿದುಕೊಂಡು ಹಿಂದೆ ಹಿಂದೆ ಓಡಿದೆ.