ಜಾಗ ಬಿಟ್ಟ ಗೋಪುರ

ಟೆನೆಸಿಯ ಕೂಪರ್ಸ್ ಬೆಂಡ್ ಹಿನ್ನೀರಿನಲ್ಲಿ ವರ್ಲೀನ್ ಟ್ಯಾಕೆಟ್ ಬ್ಯಾಸ್ ಮೀನಿಗೆ ಗಾಳ ಹಾಕಲು ಶುರುಮಾಡಿ ನಲವತ್ತು ವರ್ಷ, ಊರಿನ ಗಾಳಗಾರರ ಕ್ಲಬ್ ಸೇರಿ ಹತ್ತೊಂಬತ್ತು. ಆ ಕ್ಲಬ್ಬು ಪ್ರತಿ ವರ್ಷ ತನ್ನ ಪಂದ್ಯಗಳಲ್ಲಿ ಹಿಡಿದ ಮೀನಿನ ಒಟ್ಟು ತೂಕ ನೋಡಿ ಆರು ಜನರನ್ನು ಆರಿಸಿ ರಾಜ್ಯದ ಪಂದ್ಯಕ್ಕೆ ಕಳಿಸುತ್ತದೆ. ಆರರಲ್ಲಿ ಅವಳ ಹೆಸರು ಒಂದು ಸಲವೂ ಬಂದಿಲ್ಲ. ಅರವತ್ತೊಂದಾಯಿತು, ಮೊಣಕಾಲು ಕೈಕೊಡುತ್ತಿದೆ. ಈ ವರ್ಷ ಆಗದಿದ್ದರೆ ಇನ್ನಿಲ್ಲ ಎಂದು ತಾನೇ ತೀರ್ಮಾನಿಸಿದ್ದಳು.

ಅದಕ್ಕಾಗಿ ಒಂದು ಜಾಗವನ್ನು ಎರಡು ವರ್ಷ ಮುಟ್ಟದೆ ಕಾಪಾಡಿಕೊಂಡು ಬಂದಿದ್ದಳು. ಅಣೆಕಟ್ಟು ಬರುವ ಮೊದಲು ಹಳ್ಳದ ತಿರುವಿನಲ್ಲಿ ಯಾರದೋ ಮನೆಯಿತ್ತು. ಈಗ ಹದಿನಾರು ಅಡಿ ನೀರಿನಡಿ ಅದರ ಅಡಿಪಾಯದ ಕಲ್ಲು ಮಾತ್ರ ಉಳಿದಿದೆ, ಪಕ್ಕದಲ್ಲೇ ಹಳ್ಳದ ಆಳ. ಬೇಸಿಗೆಯಲ್ಲಿ ದೊಡ್ಡ ಬ್ಯಾಸ್‌ಗಳು ಇಂಥ ಕಡೆಯೇ ಸೇರುವುದು. ಅದನ್ನು ಅವಳು ಕಣ್ಣಿನಿಂದ ಕಂಡದ್ದಲ್ಲ, ಗಾಳದ ದಾರಕ್ಕೆ ಕಟ್ಟಿದ ಸೀಸದ ಗುಂಡನ್ನು ತಳದ ಮೇಲೆ ಎಳೆದೆಳೆದು ಬೆರಳಿನಿಂದ ಕಂಡದ್ದು. ಕೆಸರಾದರೆ ಗಂಜಿಯಲ್ಲಿ ಸೌಟು ಆಡಿಸಿದ ಹಾಗೆ, ಜಲ್ಲಿಯಾದರೆ ಗರಗರ, ಕಲ್ಲಾದರೆ ಟಕ್ ಟಕ್. ಮತ್ತೆ ಹುಡುಕಲು ಎರಡು ಗೆರೆ ಸಾಕು. ಗುಡ್ಡದ ಮೇಲಿನ ಚರ್ಚಿನ ಬಿಳಿ ಗೋಪುರ ದಡದ ಪಂಪ್‌ಮನೆಯ ನೆತ್ತಿಗೆ ಸರಿಯಾಗಿ ಬರಬೇಕು, ಆ ಕಡೆ ನೀರಿನ ಟ್ಯಾಂಕು ಬಂಡೆಯ ಸೀಳಿನಲ್ಲಿ ಕಾಣಬೇಕು. ಎರಡೂ ಕೂಡುವಲ್ಲಿ ಕಲ್ಲು.

ಕೊನೆಯ ಪಂದ್ಯದ ಶನಿವಾರ ಚೀಟಿ ಎತ್ತಿದಾಗ ಅವಳು ಬಿದ್ದದ್ದು ರಾಡ್ನಿ ಪಿಕ್ರೆಲ್‌ನ ದೋಣಿಗೆ. ಮೂವತ್ತೈದರ ಗಂಡಸು, ಬಾಯಿಗೆ ಬೀಗವಿಲ್ಲ. ಹಿಡಿದ ಮೀನು ಅವರವರದ್ದೇ ಲೆಕ್ಕ, ತಕ್ಕಡಿಗೆ ಒಬ್ಬೊಬ್ಬರಿಗೆ ಐದು. ಬೆಳಗಿನ ಹೊತ್ತು ದೋಣಿ ಅವನು ಹೇಳಿದ ಕಡೆ, ಹನ್ನೊಂದರ ಮೇಲೆ ಅವಳು ಹೇಳಿದ ಕಡೆ. ಹನ್ನೊಂದಕ್ಕೆ ಇಬ್ಬರಿಗೂ ಎರಡೆರಡು ಸಣ್ಣವು ಸಿಕ್ಕಿದ್ದವು.

"ಆ ಮೀನು ಹುಡುಕೋ ಯಂತ್ರದ ಪರದೆ ಆರ್ಸು," ಎಂದಳು ವರ್ಲೀನ್.

"ಮಿಸ್ ವರ್ಲೀನ್, ತಳ ತೋರ್ಸೋದೇ ಅದು! ಕಣ್ಣು ಕಟ್ಕೊಂಡು ಹುಡುಕ್ತೀರಾ?"

"ಅದು ತೋರ್ಸೋದಷ್ಟೇ ಅಲ್ಲ, ಜಾಗ ಬರ್ಕೊಂಡೂ ಬಿಡತ್ತೆ. ನಲವತ್ತು ವರ್ಷದ್ದು ನಿನ್ನ ಡಬ್ಬಕ್ಕೆ ಹಾಕಕ್ಕೆ ನಾನೇನು ಹುಚ್ಚಿನಾ? ಆರ್ಸು ಮಗಾ."

ಅವನು ಆರಿಸಿದ. ಗೋಪುರ ಪಂಪ್‌ಮನೆಯ ನೆತ್ತಿಗೆ ಬಂತು, ಟ್ಯಾಂಕು ಸೀಳಿನಲ್ಲಿ ಕೂತಿತು. ವರ್ಲೀನ್ ಸೀಸ ಇಳಿಸಿ ಎಳೆದಳು. ಗಂಜಿ. ಹತ್ತು ಅಡಿ ಸರಿದು ಎಳೆದಳು. ಗಂಜಿ. ಹನ್ನೆರಡಾಯಿತು, ಒಂದಾಯಿತು. ಬಿಸಿಲು ನೆತ್ತಿ ಸುಡುತ್ತಿತ್ತು. ತಂದಿದ್ದ ಬೊಲೋನಿ ಮಾಂಸದ ಸ್ಯಾಂಡ್‌ವಿಚ್ ಬೆವತು ಮೆತ್ತಗಾಗಿತ್ತು, ಅದನ್ನೂ ಅವಳು ಮುಟ್ಟಲಿಲ್ಲ. ಕಲ್ಲಿನ ಅಡಿಪಾಯ ಎದ್ದು ನಡೆದುಹೋಗುತ್ತದೆಯೇ? ತನ್ನ ಬೆರಳೇ ಸತ್ತುಹೋಯಿತೇ? ಅವಳಿಗೆ ಅಳು ಬರುವಷ್ಟು ಸಿಟ್ಟು ಬಂತು.

"ಏನನ್ನ ನೋಡ್ಕೊಂಡು ಗೆರೆ ಹಿಡೀತಿದ್ದೀರಿ, ಅದಾದ್ರೂ ಹೇಳಿ," ಎಂದ ರಾಡ್ನಿ. "ಇಲ್ದಿದ್ರೆ ಸಂಜೆವರ್ಗೂ ಕೆಸರೇ ಉಳೋದು."

ಎರಡಕ್ಕೆ ಹತ್ತು ನಿಮಿಷವಿತ್ತು. ಮೂರಕ್ಕೆ ತಕ್ಕಡಿ. ವರ್ಲೀನ್ ಹಲ್ಲು ಕಚ್ಚಿಕೊಂಡು ಹೇಳಿದಳು, "ಚರ್ಚಿನ ಗೋಪುರ."

ರಾಡ್ನಿ ತಿರುಗಿ ಅವಳ ಮುಖ ನೋಡಿದ. "ಅಯ್ಯೋ ದೇವ್ರೇ. ಗೋಪುರ ಎತ್ತಿಟ್ರಲ್ಲ ನವೆಂಬರ್‌ನಲ್ಲಿ! ಅದೇ ಗುಡ್ಡದ ಆ ತುದೀಲಿ, ಹೆದ್ದಾರಿ ಪಕ್ಕ ಹೊಸ ಚರ್ಚು ಕಟ್ಟಿ, ಹಳೇದ್ರ ಗೋಪುರಾನ ಕ್ರೇನಲ್ಲಿ ತಗೊಂಡ್ಹೋಗಿ ಇಟ್ರು. ಊರಿಗೆ ಊರೇ ನಿಂತು ನೋಡ್ತು. ನಿಮಗ್ಯಾರೂ ಹೇಳ್ಲಿಲ್ವಾ?"

ಯಾರು ಹೇಳಬೇಕು? ಇಪ್ಪತ್ತೆರಡು ವರ್ಷ ಆ ಚರ್ಚಿನ ಮೀನೂಟಕ್ಕೆ ಬಾಣಲೆ ಮುಂದೆ ನಿಂತವಳು ಅವಳು. ಎರಡು ವರ್ಷದ ಹಿಂದೆ ಹೊಸ ಪಾದ್ರಿ ಅಡುಗೆಯನ್ನು ಹೊರಗಿನವರಿಗೆ ಒಪ್ಪಿಸಿದ. ಅಂದೇ ಅವಳು ಏಪ್ರನ್ ಬಿಚ್ಚಿ ಬೆಂಚಿನ ಮೇಲೆ ಎಸೆದು ಬಂದಿದ್ದಳು. ತನ್ನೆದುರು ಚರ್ಚಿನ ಸುದ್ದಿ ಎತ್ತಿದವರ ಬಾಯಿ ಮುಚ್ಚಿಸಿದ್ದಳು. ಅದರ ಮುಂದೆ ಹೋಗಬಾರದೆಂದು ಎಂಟು ಮೈಲಿ ಸುತ್ತಿ ಅಂಗಡಿಗೆ ಹೋಗುತ್ತಿದ್ದಳು. ನೀರಿನ ಮೇಲಿಂದ ನೋಡಿದರೆ ಅದೇ ಗುಡ್ಡ, ಅದೇ ಮರಗಳು, ಅದೇ ಬಿಳಿ ಮೊನೆ.

"ಹಳೇ ಕಟ್ಟಡ ಎಲ್ಲಿತ್ತೋ ಅಲ್ಲಿ ಈಗ ಏನಿದೆ?" ಎಂದು ಕೇಳಿದಳು.

"ಕಟ್ಟಡ ಹಾಗೇ ಇದೆ, ಮೊನೆ ಇಲ್ಲ ಅಷ್ಟೇ. ಆ ಎರಡು ಓಕ್ ಮರದ ಸಂದಿ ನೋಡಿ."

ಅವಳು ಮರದ ಸಂದಿಯನ್ನು ಪಂಪ್‌ಮನೆಯ ನೆತ್ತಿಗೆ ತಂದಳು. ದೋಣಿ ಬಹಳ ದೂರ ಸರಿಯಬೇಕಾಯಿತು. ಸೀಸ ಇಳಿಯಿತು, ಎಳೆದಳು. ಟಕ್. ಟಕ್ ಟಕ್. ವರ್ಲೀನ್ ಗಾಳ ಎತ್ತಿಕೊಂಡಳು. ಮೊದಲ ಎಸೆತಕ್ಕೇ ನಾಲ್ಕು ಪೌಂಡಿನದು ಬಂತು, ಆಮೇಲೆ ಮೂರರದ್ದು. ಹಿಂದಿನಿಂದ ರಾಡ್ನಿಯೂ ಎಸೆದ. ಬೇಡ ಎನ್ನುವ ಹಕ್ಕು ಅವಳಿಗಿರಲಿಲ್ಲ, ದೋಣಿಯೂ ಪಂದ್ಯವೂ ಇಬ್ಬರದ್ದು. ಅವನ ತೋಳಿನಲ್ಲಿ ಕಸುವಿತ್ತು. ಅವಳು ಒಂದು ಎಳೆಯುವಷ್ಟರಲ್ಲಿ ಅವನು ಎರಡು ಎಳೆದ. ಅವಳ ಐದನೆಯ ಮೀನು ದೋಣಿಯ ಅಂಚಿಗೆ ಬಂದು ಕೊಕ್ಕೆ ಬಿಡಿಸಿಕೊಂಡು ಹೋಯಿತು. ಗಡಿಯಾರ ನೋಡಿ ರಾಡ್ನಿ ಎಂಜಿನ್ ಎಬ್ಬಿಸಿದ.

ದಡದಲ್ಲಿ ಪಟ್ಟಿ ಓದಿದರು. ಆರನೆಯ ಹೆಸರು ರಾಡ್ನಿ ಪಿಕ್ರೆಲ್. ವರ್ಲೀನ್ ಅವನಿಗಿಂತ ಒಂದು ಪೌಂಡು ಹಿಂದೆ.

ಅವನು ತಂಡದ ಅಂಗಿ ಹಿಡಿದುಕೊಂಡು ಅವಳ ಟ್ರಕ್ಕಿನ ಹತ್ತಿರ ಬಂದ. ಮುಖ ಎತ್ತಲು ಆಗುತ್ತಿರಲಿಲ್ಲ.

"ಮಿಸ್ ವರ್ಲೀನ್, ಆ ಜಾಗ ನಾನು ಯಾರಿಗೂ ಹೇಳಲ್ಲ. ತಾಯಾಣೆ."

"ಹೇಳಲ್ಲ, ಗೊತ್ತು ನಂಗೆ," ಎಂದಳು ವರ್ಲೀನ್. "ನೀನೇ ಹೋಗ್ತೀಯ."