ಮಲ್ಲಿಕಸಾಬ ಫಿಯಾಟಿನ ಗಾಲಿ ಬಿಡಿಸಿದ್ದು

ಯರಗಟ್ಟಿ ಬಸ್‌ಸ್ಟ್ಯಾಂಡಿನ ಹಿಂದೆ ತಗಡಿನ ಶೆಡ್ಡು ಹಾಕಿಕೊಂಡಿದ್ದ ಮಲ್ಲಿಕಸಾಬನಿಗೆ ಹೊಸ ಗಾಡಿಗಳೆಂದರೆ ಅಷ್ಟಕ್ಕಷ್ಟೆ. ಹಳೆಯ ಅಂಬಾಸಿಡರೋ ಫಿಯಾಟೋ ಬ್ರೇಕ್ ಜಾಮ್ ಮಾಡಿಕೊಂಡು ಬಂದರೆ ಮಾತ್ರ ಅವನ ಮುಖ ಅರಳುತ್ತಿತ್ತು. ಯಾರಾದರೂ ಸುತ್ತಿಗೆ ಎತ್ತಿದರೆ ಸಿಟ್ಟಿಗೇಳುತ್ತಿದ್ದ.

"ಬಡೀಬ್ಯಾಡ್ರಿ, ಒಡದ ಹೋಗತೈತಿ. ಎರಡ ದಿನಾ ಎಣ್ಣಿ ಹಾಕಿ ರಮಿಸ್ರಿ."

"ನನಗ ಒಂದ ದಿನಾನೂ ಹಿಂಗ ರಮಿಸಿಲ್ಲ," ಎಂದು ಹೆಂಡತಿ ರಾಜಮಾ ಗೊಣಗುತ್ತಿದ್ದಳು.

೧೯೯೮ರ ಬೇಸಿಗೆಯಲ್ಲಿ ಮುನವಳ್ಳಿಯ ನಿವೃತ್ತ ಮಾಸ್ತರ ಗಂಗಪ್ಪ ಅವನನ್ನು ಮನೆಗೇ ಕರೆಸಿಕೊಂಡರು. ಅವರ ಫಿಯಾಟ್ ಇಳಿಜಾರಿನ ಅಂಗಳದಲ್ಲಿ ಎಂಟು ವರ್ಷದಿಂದ ನಿಂತಿತ್ತು. ನಾಲ್ಕೂ ಗಾಲಿ ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಮುಂದಿನ ಸೀಟಿನಲ್ಲಿ ಬೆಕ್ಕು ಮರಿ ಹಾಕಿತ್ತು. ಹಿಂದಿನ ಸೀಟು ಮಾಸ್ತರರ ತಾಯಿ ಸುಂದರವ್ವನದು. ದಿನವೂ ಅಲ್ಲೇ ಕುಳಿತು ಶೇಂಗಾ ಸುಲಿಯುತ್ತಿದ್ದಳು.

"ಯವ್ವಾ, ಸ್ವಲ್ಪ ಇಳೀರಿ. ಕೆಲಸ ಮಾಡಬೇಕು," ಎಂದ ಮಲ್ಲಿಕಸಾಬ.

"ನಾ ಯಾಕ ಇಳೀಲಿ? ಗಾಲಿ ಹೊರಗ ಅದಾವ, ನಾ ಒಳಗ ಅದೇನಿ."

ವಾದ ಮಾಡಿ ಗೆಲ್ಲುವ ಹಾಗಿರಲಿಲ್ಲ. ಅವನು ಸೀಮೆಎಣ್ಣೆಗೆ ಗೇರ್‌ಬಾಕ್ಸಿನ ಹಳೆ ಎಣ್ಣೆ ಬೆರೆಸಿ ಸಂದುಸಂದಿಗೆ ಬಿಟ್ಟ. ಮರುದಿನ ಒಂದೊಂದೇ ಗಾಲಿಯನ್ನು ಜಾಕಿಯ ಮೇಲೆ ಎತ್ತಿ, ಬ್ರೇಕ್ ಡ್ರಮ್ಮಿನ ಮೇಲೆ ಕುದಿಯುವ ನೀರು ಸುರಿದು, ಕಟ್ಟಿಗೆಯ ತುಂಡಿನಿಂದ ಮೆಲ್ಲಗೆ ತಟ್ಟಿದ. ಮೂರು ಗಾಲಿ ಬಿಟ್ಟವು. ನಾಲ್ಕನೆಯದರ ಡ್ರಮ್ಮೇನೋ ಕಳಚಿತು, ಆದರೆ ಒಳಗಿನ ಬ್ರೇಕ್ ಪಿಸ್ಟನ್ ಅಲ್ಲಾಡಲಿಲ್ಲ.

"ಹೊಸಾದು ತರೋಣೇನು?" ಎಂದರು ಮಾಸ್ತರರು.

"ತಡೀರಿ ಸರ."

ಬ್ರೇಕ್ ಎಣ್ಣೆಯ ಪೈಪು ಬಂದು ಸೇರುವ ತೂತಿಗೆ ಅವನು ಗ್ರೀಸ್ ಗನ್ ಸಿಕ್ಕಿಸಿ ಒತ್ತತೊಡಗಿದ. ಹತ್ತನೆಯ ಒತ್ತಿಗೆ ಪಿಸ್ಟನ್, ಟ್ಯೂಬಿನಿಂದ ಪೇಸ್ಟ್ ಬಂದ ಹಾಗೆ, ನಿಧಾನವಾಗಿ ಹೊರಗಿಣುಕಿತು. ಮಾಸ್ತರರು ಚಪ್ಪಾಳೆ ತಟ್ಟಿದರು. ಗ್ರೀಸನ್ನೆಲ್ಲ ಒರೆಸಿ, ನುಣುಪು ಪಾಲಿಶ್ ಕಾಗದದಿಂದ ತಿಕ್ಕಿ, ಹೊಸ ರಬ್ಬರು ಹಾಕಿ ಗಾಲಿ ಜೋಡಿಸಿದ. ಬ್ರೇಕ್ ಎಣ್ಣೆ ತುಂಬುವುದೊಂದೇ ಬಾಕಿ. ಖುಷಿಯ ಭರದಲ್ಲಿ ಜಾಕಿ ಇಳಿಸಿದ.

ಗಾಲಿಗೆ ಕಲ್ಲು ಕೊಟ್ಟಿರಲಿಲ್ಲ. ಎಂಟು ವರ್ಷ ಆ ಗಾಡಿಯನ್ನು ಹಿಡಿದಿಟ್ಟಿದ್ದೇ ತುಕ್ಕು!

ಫಿಯಾಟ್ ಸದ್ದಿಲ್ಲದೆ ಹೊರಟಿತು. ಮಲ್ಲಿಕಸಾಬ ಬಂಪರ್ ಹಿಡಿದು ಎಳೆದ; ಗಾಡಿ ಅವನನ್ನೇ ಎಳೆದುಕೊಂಡು ಹೋಯಿತು. ಬೆಕ್ಕು ಕಿಟಕಿಯಿಂದ ಹಾರಿತು. ಮಾಸ್ತರರು "ಅವ್ವಾ! ಅವ್ವಾ!" ಎಂದು ಧೋತರ ಎತ್ತಿ ಓಡಿದರು. ಗಾಡಿ ಅಂಗಳ ದಾಟಿ, ಎದುರು ಮನೆಯ ಲಕ್ಕಪ್ಪನ ಜೋಳದ ಕಣಿಕೆ ಬಣವೆಗೆ ಮೂಗು ತೂರಿಸಿ ನಿಂತಿತು.

ಮಲ್ಲಿಕಸಾಬ ಬಂಪರ್ ಬಿಟ್ಟು ಓಡಿಬಂದು ಹಿಂದಿನ ಬಾಗಿಲು ತೆಗೆದ. ಸುಂದರವ್ವ ತಲೆಯ ಮೇಲಿನ ಕಣಿಕೆ ಕೊಡವಿಕೊಂಡು, ಚೆಲ್ಲಿದ ಶೇಂಗಾ ಮೊರಕ್ಕೆ ತುಂಬಿಕೊಳ್ಳುತ್ತಿದ್ದಳು.

"ಸಾಬಾ, ಓಡೂದ ಚಲೋ ಕಲಿಸಿದಿ. ನಿಂದರೂದ ಯಾವಾಗ ಕಲಿಸ್ತಿ?"

ಸಂಜೆಯೊಳಗೆ ಬ್ರೇಕ್ ಎಣ್ಣೆ ತುಂಬಿ, ಪೈಪಿನೊಳಗಿನ ಗಾಳಿ ತೆಗೆದು, ಅದನ್ನೂ ಕಲಿಸಿದ. ಎಂಜಿನ್ ರಿಪೇರಿಗೆ ಇನ್ನೊಂದು ವಾರ ಹಿಡಿಯಿತು. ಮೊದಲ ಸವಾರಿ ಸಿರಸಂಗಿಯ ಕಾಳಿಕಾ ಗುಡಿಗೆ ಎಂದು ಮುದುಕಿ ಹಟ ಹಿಡಿದಳು. ಸ್ಟೇರಿಂಗ್ ಹಿಡಿಯಲು ಮಲ್ಲಿಕಸಾಬನೇ ಬೇಕು. ದಾರಿಯುದ್ದಕ್ಕೂ ಪ್ರತಿ ಇಳಿಜಾರಿನಲ್ಲಿ ಅವನ ಭುಜ ತಟ್ಟಿ, "ಈಗ ನಿಂದರಸು ನೋಡೋಣು," ಎನ್ನುತ್ತಿದ್ದಳು. ಹನ್ನೊಂದು ಸಲ ನಿಲ್ಲಿಸಿದ. ಹನ್ನೊಂದು ಸಲವೂ ಗಾಡಿ ಗಪ್ಪನೆ ನಿಂತಿತು, ಮಾಸ್ತರರ ಹಣೆ ಮಾತ್ರ ಹನ್ನೊಂದು ಸಲ ಮುಂದಿನ ಗಾಜಿಗೆ ತಾಗಿತು.