ಮಾಳಿಗೆ ಬಿಚ್ಚಿಸಿದ ಬಾಯಾರು

ಅವರ ಕತ್ತು ಯಾವಾಗಲೂ ತುಸು ಮೇಲಕ್ಕೇ ಇರುತ್ತಿತ್ತು. ಮಾತಾಡಿಸಲು ಬಂದವರ ಮುಖ ಬಿಟ್ಟು ತಲೆಯ ಮೇಲಿನ ಜಂತಿ ನೋಡುವರು. ಮಣ್ಣು ಉದುರುತ್ತಿದೆಯೇ, ಗೆದ್ದಲು ಹತ್ತಿದೆಯೇ, ಅದೇ ಚಿಂತೆ. ಊರಿಗೆಲ್ಲ ಅವರು ಹಳೆಯ ದೊಡ್ಡಮನೆ ವಾಡೆಯ ಬಾಯಾರು. ನಮಗೆ ಮನೆ ಮಾಲಕಿ. ಹೆಬ್ಬಾಗಿಲ ಪಕ್ಕದ ಎರಡು ಖೋಲಿಗಳಲ್ಲಿ ನಾನು, ನನ್ನ ಗಂಡ ಬಾಡಿಗೆಗಿದ್ದೆವು.

ನಮ್ಮ ಬೈಲಹೊಂಗಲ ಕಡೆಯ ಮಾಳಿಗೆಗಳಿಗೆ, ಅಂದರೆ ಮಣ್ಣಿನ ಚಾವಣಿಗಳಿಗೆ, ಪ್ರತಿವರ್ಷ ಮಳೆಗೆ ಮೊದಲು ಹೊಸ ಮಣ್ಣು ಹಾಕಿ ಬಡಿಯಬೇಕು, ಇಲ್ಲವಾದರೆ ಸೋರುತ್ತವೆ. ಅದಕ್ಕೆಂದು ಕೂಡಿಟ್ಟದ್ದನ್ನು ಮನೆಪಟ್ಟಿ ಎಂಬ ತೆರಿಗೆ ತಿಂದುಹಾಕುತ್ತಿತ್ತು. ಪಟ್ಟಿ ಬೀಳುವುದು ಮಾಳಿಗೆ ಇರುವಷ್ಟು ಜಾಗಕ್ಕೆ. ಹಾಗಾಗಿ ಬಾಯಾರು ಬೇಸಿಗೆಗೊಮ್ಮೆ ಒಂದೊಂದು ಕಡೆ ಮಾಳಿಗೆ ಬಿಚ್ಚಿಸತೊಡಗಿದರು. ಪಟ್ಟಿಯೂ ಇಳಿಯಿತು, ಬಿಚ್ಚಿದ ತೊಲೆಗಳು ಉಳಿದ ಮಾಳಿಗೆಗೆ ಆಸರೆಯಾದವು. ಮೊದಲು ದನದ ಕೊಟ್ಟಿಗೆ, ಆಮೇಲೆ ಕಾಳು ತುಂಬುವ ಖೋಲಿ. ಮಾಳಿಗೆ ಹೋದ ಮಣ್ಣಿನ ಗೋಡೆ ಮಳೆಗೆ ಕರಗುತ್ತದೆಂದು ಅವರಿಗೆ ಗೊತ್ತಿಲ್ಲದ್ದೇನಲ್ಲ. ತೊಲೆ ಇಳಿಸುವಾಗ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಮುಖದಲ್ಲಿ ಏನೂ ಇರುತ್ತಿರಲಿಲ್ಲ. ಮೊದಮೊದಲು ನನಗೆ ಸಂಕಟವಾಗುತ್ತಿತ್ತು, ಬರುಬರುತ್ತ ಅದೂ ಜಡ್ಡುಗಟ್ಟಿತು.

ಪಡಸಾಲೆಯ ಸರದಿ ಬಂದ ವರ್ಷ ಪಟ್ಟಿ ಎತ್ತುವವರು ಬಂದಿದ್ದರು. ಕನಿಕರದ ಮನುಷ್ಯ.

"ಬಾಯಾರ, ಯಾಕ ಬಿಚ್ಚಸ್ತೀರಿ? ಪಡಸಾಲಿ ಬಿದ್ದೈತಿ ಅಂತ ನಾನ ಬರಕೊಂಡ ಹೋಗತೇನಿ. ಇದ್ದಂಗ ಇರಲಿ ಬಿಡ್ರಿ."

ಬಾಯಾರು ನಕ್ಕರು. "ನಮ್ಮ ಅಜ್ಜ ಇದ ಪಡಸಾಲ್ಯಾಗ ಕುಂತು ಹಳ್ಳಿ ಹಳ್ಳಿ ಪಟ್ಟಿ ಎತ್ಯಾನ್ರಿ. ಬೆಳಿ ಹೋತು ಅಂದವರಿಗೂ ಬಿಟ್ಟಿಲ್ಲ. ನೀವು ನಮಗ್ಯಾಕ ಬಿಡತೀರಿ?"

ಅವರಿಗೆ ಚಹಾ ಕುಡಿಸಿ ಕಳಿಸಿ, ಅಂದೇ ಆಳುಗಳನ್ನು ಕರೆಸಿದರು.

ಕಡೆಗೆ ಉಳಿದದ್ದು ಅವರು ಮಲಗುವ ಖೋಲಿ ಮತ್ತು ನಮ್ಮವು. ಮುಂದಿನ ಬೇಸಿಗೆಗೆ ತಮ್ಮ ಖೋಲಿಯನ್ನೇ ಬಿಚ್ಚಿಸಿ, ಹಾಸಿಗೆ ಸುತ್ತಿಕೊಂಡು ನಮ್ಮ ಬಾಗಿಲಿಗೆ ಬಂದು ನಿಂತರು. ನಾನು ಜಗಳಕ್ಕೇ ಇಳಿದೆ. "ನಮ್ಮ ಖೋಲಿ ಬಿಚ್ಚಸಬೇಕಿತ್ತರಿ ಬಾಯಾರ, ನಾವು ಬ್ಯಾರೆ ಕಡೆ ಹೋಗತಿದ್ವಿ."

"ನೀವು ಬಾಡಿಗಿ ಕೊಡತೀರಿ. ನಾ ಯಾರಿಗಿ ಕೊಡತೇನಿ? ಸರಿ ತಂಗಿ, ಹಾಸಿಗಿ ಹಾಸಾಕ ಜಾಗಾ ಬಿಡು."

ಅಲ್ಲಿಂದ ಕೊನೆಯವರೆಗೂ ನಮ್ಮ ಜೊತೆಗೇ ಇದ್ದರು. ಅಂಗಾತ ಮಲಗಿ ಜಂತಿ ನೋಡುತ್ತಿದ್ದರು.

ಹೋದ ಬೇಸಿಗೆಯಲ್ಲಿ ತೀರಿಕೊಂಡರು. ಸತ್ತವರನ್ನು ಮಲಗಿಸದೆ ಕೂಡಿಸುವುದು ನಮ್ಮ ಕಡೆಯ ರೂಢಿ. ವಾಡೆಯವರನ್ನು ಪಡಸಾಲೆಯಲ್ಲೇ ಕೂಡಿಸಬೇಕೆಂದು ಊರ ಹಿರಿಯರು ಹಟ ಹಿಡಿದರು. ಉಳಿದ ಗೋಡೆಗೆ ಒರಗಿಸಿ, ಕತ್ತು ವಾಲದಂತೆ ಬಟ್ಟೆ ಕಟ್ಟಿದರು. ಮೇಲೆ ಬರೀ ಆಕಾಶ. ಬಿಸಿಲು ನೇರ ಮುಖದ ಮೇಲೆ ಬಿದ್ದಿತ್ತು. ಅಳುವವರು ಅಳುತ್ತಿದ್ದರು. ನನಗೆ ಅಳು ಬರಲಿಲ್ಲ. ಒಳಗಿನಿಂದ ಛತ್ರಿ ತಂದು, ಅವರನ್ನು ಎತ್ತುವವರೆಗೂ ತಲೆಯ ಮೇಲೆ ಹಿಡಿದು ನಿಂತೆ.